ಒಬ್ಬಳನ್ನೇ ಕಳಿಸಬೇಕೇ?

ವಿಜಯನಗರದ ಆ ಸಭಾಂಗಣದಲ್ಲಿ ನಾನು ಬಾಯಿ ತೆಗೆಯುವ ಮೊದಲೇ ಶಾಲು ಹೊದಿಸಿಬಿಟ್ಟರು. ಫೋಟೋಗೆ ನಗಿ ಎಂದರು, ನಕ್ಕೆ. ನಾನು ಮಾಡಿದ ಸಾಧನೆಯಾದರೂ ಏನು? ಒಂಬತ್ತನೇ ವಯಸ್ಸಿನಲ್ಲಿ ಮಕ್ಕಳ ಆಶ್ರಮದಿಂದ ಕೆಂಗೇರಿ ಉಪನಗರದ ಒಂದು ಮನೆಗೆ ಹೋಗಿ, ಅವರ ಮಗಳಂತೆ ಉಂಡು ಬೆಳೆದದ್ದು. ನಮ್ಮಲ್ಲಿ ಒಬ್ಬರನ್ನು ಸಭೆಗೆ ಕರೆದ ಮೇಲೆ ಸನ್ಮಾನ ಮಾಡದೆ ಬಿಡುವ ಪದ್ಧತಿಯೇ ಇಲ್ಲ.

ಆಶ್ರಮದ ಮಕ್ಕಳನ್ನು ಹೀಗೆ ಸಾಕಲು ಕೊಡುವ ನಿಯಮ ಬದಲಾಗುತ್ತಿದೆ, ಹಾಗೆ ಬೆಳೆದವರ ಮಾತೂ ಬೇಕು ಎಂದು ನನ್ನನ್ನು ಕರೆದಿದ್ದರು. ಅಧಿಕಾರಿ ಮೇಡಂ ಹೊಸ ನಿಯಮ ಓದಿದರು. ಒಡಹುಟ್ಟಿದವರನ್ನು ಬೇರೆ ಮಾಡಕೂಡದು. ಇಬ್ಬರನ್ನೂ ಕರೆದುಕೊಳ್ಳುವ ಮನೆ ಸಿಗದಿದ್ದರೆ ಇಬ್ಬರೂ ಆಶ್ರಮದಲ್ಲೇ ಇರಬೇಕು.

"ನೀವೇನ್ ಹೇಳ್ತೀರಮ್ಮ? ಸರಿ ಅಲ್ವಾ?"

ಅವರಿಗೆ ಬೇಕಾಗಿದ್ದುದು ಒಂದು ಹೂಂ. ನನಗೋ ಅತ್ತ ದರಿ, ಇತ್ತ ಪುಲಿ. ಕೆಂಗೇರಿಯವರಿಗೆ ಒಬ್ಬಳನ್ನು ಮಾತ್ರ ಸಾಕುವ ಶಕ್ತಿ ಇತ್ತು. ನನ್ನ ತಂಗಿ ಆಶ್ರಮದಲ್ಲೇ ಉಳಿದಳು. ಈಗ ಸರಿ ಎಂದರೆ, ಹಿಂದಿನ ಸಾಲಿನಲ್ಲಿ ಕೂತಿರುವ, ನನ್ನನ್ನು ಸಾಕಿದ ಅಮ್ಮನ ಎದುರೇ 'ನೀವು ನನ್ನನ್ನು ಕರೆದುಕೊಂಡು ಹೋಗಬಾರದಿತ್ತು' ಎಂದಂತೆ. ತಪ್ಪು ಎಂದರೆ ತಂಗಿಯನ್ನು ಇನ್ನೊಮ್ಮೆ ಬಿಟ್ಟು ಬಂದಂತೆ.

"ಗೊತ್ತಾಗ್ತಿಲ್ಲ ಮೇಡಂ. ನನ್ನ ತಂಗೀನ ಕೇಳಿ," ಎಂದೆ.

"ಅವ್ರು ಮನೇಲಿ ಬೆಳೆದಿಲ್ವಲ್ಲಮ್ಮ. ನಾವು ಮನೆಗೆ ಹೋದೋರನ್ನ ಮಾತ್ರ ಕರ್ದಿದೀವಿ."

ನನಗೆ ರೇಗಿತು. ಉಳಿದವಳನ್ನು ಕೇಳದೆ ಹೋದವಳನ್ನಷ್ಟೇ ಕೇಳಿದರೆ ಏನು ತಿಳಿದೀತು? ಆದರೆ ರೇಗಿದ್ದು ಅವರ ಮೇಲೋ, ನನಗೇ ಉತ್ತರ ಹೊಳೆಯದ್ದಕ್ಕೋ, ಅದೂ ಗೊತ್ತಾಗಲಿಲ್ಲ. ತಲೆ ಕೆಟ್ಟು ಮೊಸರು ಗಡಿಗೆಯಾಗಿತ್ತು.

ಮೆಟ್ರೋ ನಿಲ್ದಾಣದವರೆಗೂ ಅಮ್ಮ ನನ್ನ ಜೊತೆ ನಡೆದು ಬಂದರು. ಅಲ್ಲಿ, "ನಾನೇ ತಪ್ಪು ಮಾಡಿದ್ನಾ ಪುಟ್ಟಿ?" ಎಂದು ಕೇಳಿದರು. ಇಲ್ಲಮ್ಮ ಎಂದೆ. ಅವರನ್ನು ಕೆಂಗೇರಿಗೆ ಕಳಿಸಿ, ವಿಜಯನಗರದಲ್ಲೇ ಮಾರ್ಕೆಟ್ ರಸ್ತೆಯ ಸೀರೆ ಅಂಗಡಿಯಲ್ಲಿ ಕೆಲಸ ಮಾಡುವ ತಂಗಿಯ ಬಳಿಗೆ ಹೋದೆ. ನಡೆದದ್ದನ್ನೆಲ್ಲ ಹೇಳಿದೆ.

"ನಿನ್ನ ಕೇಳಿದ್ರೆ ಏನ್ ಹೇಳ್ತಿದ್ದೆ?"

ಅವಳು ಗಿರಾಕಿ ಬಿಟ್ಟುಹೋಗಿದ್ದ ಸೀರೆಯನ್ನು ಪೂರ್ತಿ ಮಡಿಸಿದಳು.

"ಅವತ್ತು ನನ್ನ ಕರ್ದಿದ್ರೆ ನಾನೂ ನಿನ್ನ ಬಿಟ್ಟು ಹೋಗ್ತಿದ್ದೆ ಕಣಕ್ಕ," ಎಂದಳು. "ಆದ್ರೆ ಇವತ್ತು ಕೇಳಿದ್ರೆ, ಒಬ್ಬಳನ್ನೇ ಕಳಿಸ್ಬೇಡಿ ಅಂತ್ಲೇ ಹೇಳ್ತೀನಿ."