ಹೆಜ್ಜೆ ಬಾರದವನ ಹೆಗಲು

ಮಿರಜೆಯ ನಮ್ಮ ಹೈಸ್ಕೂಲಿನಲ್ಲಿ ಬ್ಯಾಂಡಿನ ಸಾಮಾನು ಇಡುವ ಕೋಣೆಯ ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ ಮೂರು ಮಾತು ಬರೆದಿದ್ದರು: ಶಿಸ್ತು, ಏಕತೆ, ತ್ಯಾಗ. ಬಾಗಿಲಿನ ಕೆಳಗಿನ ಅರ್ಧವನ್ನು ಗೆದ್ದಲು ತಿಂದಿತ್ತು. ಮಾತುಗಳು ಮೇಲಿದ್ದುದರಿಂದ ಉಳಿದುಕೊಂಡಿದ್ದವು.

ಹೋದ ತಿಂಗಳು ನನ್ನ ಗೆಳೆಯ ತೀರಿಕೊಂಡ. ಅವನನ್ನು ನೆನೆಯಲು ಕುಳಿತರೆ ಮೊದಲು ಕಣ್ಣೆದುರು ಬರುವುದು ಆ ಬಾಗಿಲೇ. ಆ ಬಾಗಿಲಿನಿಂದ ದಿನಾ ಸಂಜೆ ಅವನು ದೊಡ್ಡ ಢೋಲನ್ನು ಹೊಟ್ಟೆಯ ಮೇಲೆ ಹೊತ್ತುಕೊಂಡು ಅಡ್ಡಡ್ಡ ಹೊರಬರುತ್ತಿದ್ದ. ನೆಟ್ಟಗೆ ಬಂದರೆ ಢೋಲು ಹಿಡಿಸುತ್ತಿರಲಿಲ್ಲ.

ಶಿಸ್ತು ಎಂದರೆ ಬಿಸಿಲಲ್ಲಿ ನಿಲ್ಲುವುದು ಎಂದು ನಾವು ಬೇಗನೆ ಕಲಿತೆವು. ಮುಖ್ಯ ಅತಿಥಿಗಳು ಎಂಟಕ್ಕೆ ಬರುತ್ತಾರೆಂದರೆ ಆರೂವರೆಗೇ ಗೇಟಿನ ಬಳಿ ಎರಡು ಸಾಲಾಗಿ ನಿಂತಿರಬೇಕು. ಅವರು ಹತ್ತಕ್ಕೆ ಬರುತ್ತಿದ್ದರು. ಕಾರಿನಿಂದ ಇಳಿದು, ಫೋನಿನಲ್ಲಿ ಮಾತಾಡುತ್ತಾ, ನಮ್ಮ ಸದ್ದಿಗೆ ಒಂದು ಕಿವಿ ಮುಚ್ಚಿಕೊಂಡು ನಮ್ಮ ನಡುವೆಯೇ ಹಾದುಹೋಗುತ್ತಿದ್ದರು. ದೊಡ್ಡವರನ್ನು ಇಷ್ಟು ಹತ್ತಿರದಿಂದ ನೋಡುವ ಭಾಗ್ಯ ಬ್ಯಾಂಡಿನಲ್ಲಿ ಇಲ್ಲದ ಹುಡುಗರಿಗೆ ಎಲ್ಲಿಂದ ಬರಬೇಕು?

ಇನಾಮು ಬರಲಿಲ್ಲವೆಂದು ಹೇಳಲಾರೆ. ಸಾಂಗಲಿಯ ಸ್ಪರ್ಧೆಯಲ್ಲಿ ಒಮ್ಮೆ ಗೆದ್ದು ಒಂದು ಗೋಡೆ ಗಡಿಯಾರ ತಂದೆವು. ಅದನ್ನು ಹೆಡ್‌ಮಾಸ್ತರರ ಕೋಣೆಯಲ್ಲಿ ತೂಗುಹಾಕಿದರು. ತಡವಾಗಿ ಬಂದು ಅಲ್ಲಿ ನಿಲ್ಲಿಸಲ್ಪಟ್ಟಾಗಲೆಲ್ಲ ನಾವು ಗೆದ್ದ ಗಡಿಯಾರವೇ ನಾವೆಷ್ಟು ತಡ ಎಂದು ತೋರಿಸುತ್ತಿತ್ತು. ಅದಲ್ಲದೆ ತಲೆಗೊಂದು ವಡಾ ಸಿಕ್ಕಿತು. ನನ್ನ ವಡಾದಲ್ಲಿ ಅರ್ಧವನ್ನು ಗೆಳೆಯ ತಿಂದ. ಢೋಲು ಭಾರವಾದ್ದರಿಂದ ಹಸಿವೂ ಭಾರವಂತೆ. ತ್ಯಾಗ ಎಂಬ ಮೂರನೆಯ ಮಾತಿನ ಅರ್ಥ ನನಗೆ ಆವತ್ತು ಆಯಿತು.

ನಾನು ಬ್ಯಾಂಡು ಸೇರಿದ್ದು ಆ ಮೂರು ಮಾತಿಗಾಗಿ ಅಲ್ಲ, ಅವನು ಸೇರಿದ್ದಕ್ಕೆ. ಇಬ್ಬರ ಊರೂ ಮ್ಹೈಸಾಳ, ಇಬ್ಬರದೂ ಒಂದೇ ಬಸ್ಸು. ಅವನು ಸಂಜೆ ಅಭ್ಯಾಸಕ್ಕೆ ಉಳಿದರೆ ನಾನೊಬ್ಬನೇ ಊರಿಗೆ ಹೋಗಿ ಏನು ಮಾಡಲಿ? ನನಗೆ ಝಾಂಜ್ ಕೊಟ್ಟರು, ಎರಡು ಹಿತ್ತಾಳೆ ತಟ್ಟೆ. ಕೈ ಸರಿಯಾಗಿಯೇ ಬಡಿಯುತ್ತಿತ್ತು. ಕಾಲು ಮಾತ್ರ, ಎಲ್ಲರ ಎಡಗಾಲು ಮುಂದಿದ್ದಾಗ ನನ್ನ ಬಲಗಾಲು ಮುಂದಿರುತ್ತಿತ್ತು.

ನಮ್ಮ ಪಿ.ಟಿ. ಸರ್ ಮರಾಠಿಯಲ್ಲಿ ಎಣಿಸಿ ಕನ್ನಡದಲ್ಲಿ ಬೈಯುತ್ತಿದ್ದರು.

"ಏಕ್-ದೋನ್-ಏಕ್! ಲೇ ಝಾಂಜ್ಯಾ, ಊರಿಗೆಲ್ಲಾ ಎಡಗಾಲ ಮುಂದ ಐತಿ, ನಿಂದೊಂದು ಯಾಕ ಹಿಂದ? ನಿಮ್ಮಪ್ಪ ಕಾಲ ಅದಲಿ ಬದಲಿ ಜೋಡಸ್ಯಾನೇನೋ? ನಾಳೆ ಇನ್ನೊಮ್ಮಿ ತಪ್ಪಿದ್ರ ಝಾಂಜ್ ಇಟ್ಟು ಮನಿಗಿ ನಡಿ."

ಆ ಸಂಜೆ ಬಸ್ಸಿನಲ್ಲಿ ನಾನು ಮುಖ ಕಿಟಕಿಗೆ ಮಾಡಿ ಕುಳಿತಿದ್ದೆ. ಗೆಳೆಯ ಮೊಣಕೈಯಿಂದ ತಿವಿದ.

"ಲೇ, ಅಳಬ್ಯಾಡ. ನೀ ತಪ್ಪಿದ್ರ ನಾ ಢೋಲಿನ ಅಂಚಿಗಿ ಕೋಲಿಲೆ ಎರಡ ಸಲ ಬಡೀತೇನಿ, ಟಕ್ ಟಕ್ ಅಂತ. ಕೇಳಿದ ಕೂಡ್ಲೆ ಕುಪ್ಪಳಿಸಿ ಕಾಲ ಬದಲ ಮಾಡು."

"ಸರ್ ಕೇಳಿದ್ರ?"

"ಕೇಳ್ಲಿ ತಗೋ. ಅವರ ಕಿವಿ ನಿನ್ನ ಕಾಲಿನಂಗ ಅದಾವ."

ಸರ್ ಮರುದಿನವೇ ಕೇಳಿದರು. ಸಾಲನ್ನು ನಿಲ್ಲಿಸಿದರು. "ಏನಲೇ ಅದು ಟಕ್ ಟಕ್?" ಎಂದರು. ಗೆಳೆಯ ಢೋಲಿನ ಹಿಂದಿನಿಂದ "ಹಂಗ... ಛಲೋ ಕೇಳ್ಸತೈತಿ ಅಂತ ಬಾರ್ಸಿದ್ನಿರಿ" ಎಂದ. ಸರ್ "ಛಲೋನ ಐತಿ. ದಿನಾ ಬಾರ್ಸು" ಎಂದರು.

ಅಂದಿನಿಂದ ಆ ಟಕ್ ಟಕ್ ನಮ್ಮ ಶಾಲೆಯ ಬ್ಯಾಂಡಿನಲ್ಲಿ ಸೇರಿಹೋಯಿತು. ಈಗಿನ ಮಕ್ಕಳೂ ಬಾರಿಸುತ್ತಾರೆ. ಯಾಕೆಂದು ಅವರಿಗೆ ಗೊತ್ತಿಲ್ಲ. ಶಾಲೆಯ ಪರಂಪರೆಗೆ ನನ್ನ ಎರಡು ಕಾಲುಗಳ ಕೊಡುಗೆ ಇದು.

ದೊಡ್ಡವರಾದ ಮೇಲೆ ಅವನು ಕುಪವಾಡದ ಕೈಗಾರಿಕಾ ಪ್ರದೇಶ ಎಂಐಡಿಸಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಯಂತ್ರ ನಡೆಸಿದ, ನಾನು ಊರಲ್ಲೇ ಗೊಬ್ಬರದ ಅಂಗಡಿಯಲ್ಲಿ ಕೂತೆ. ಹೋದ ವರ್ಷ ಅವನಿಗೆ ಬೆನ್ನೆಲುಬಿನ ರೋಗ ಬಂತು. ಢೋಲು ಹೊತ್ತಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ನಾನು ಎರಡು ಸಲ ಕೇಳಿದ್ದೇನೆ. ಮಿರಜೆಯಲ್ಲಿ ದವಾಖಾನೆಗಳಿಗೆ ಬರವಿಲ್ಲ. ಅಲ್ಲಿಗೆ ಮುಟ್ಟುವ ತನಕದ ರಸ್ತೆಗೆ ಮಾತ್ರ ಬರ. ರಿಕ್ಷಾ ಒಂದೊಂದು ತಗ್ಗಿಗೆ ಇಳಿದಾಗಲೂ ಅವನು ನನ್ನ ಮಣಿಕಟ್ಟು ಹಿಡಿದು ಹಲ್ಲು ಕಚ್ಚುತ್ತಿದ್ದ. ನೋವು ಇಳಿದ ಮೇಲೆ, "ಡ್ರೈವರಗ ಹೇಳು ಲೇ, ನಾ ಇನ್ನಾ ಜೀವಂತ ಅದೇನಿ ಅಂತ" ಎನ್ನುತ್ತಿದ್ದ.

ಹೇಳುವ ಅಗತ್ಯ ಬಹಳ ದಿನ ಉಳಿಯಲಿಲ್ಲ.

ಅವನನ್ನು ಹೊಳೆಯ ಘಾಟಿನ ಸ್ಮಶಾನಕ್ಕೆ ಒಯ್ಯುವ ದಿನ ಹಳೆಯ ಬ್ಯಾಂಡಿನವರು ಬಂದರು. ನಾಲ್ವರು ಚಟ್ಟಕ್ಕೆ ಹೆಗಲು ಕೊಡಲು ನಿಂತರು. ನಾನೂ ಮುಂದೆ ಹೋದೆ. ಅವರಲ್ಲಿ ಬಿಗುಲ್ ಊದುತ್ತಿದ್ದವನು ನನ್ನ ಎದೆಗೆ ಕೈ ಹಚ್ಚಿ ಮೆಲ್ಲಗೆ ಹೇಳಿದ: "ನೀ ಬ್ಯಾಡ ದೋಸ್ತಾ. ನಿನಗ ಹೆಜ್ಜಿ ಬರಂಗಿಲ್ಲ. ಹಿಂದ ಬಾ." ಏಕತೆ ಎಂದರೆ ಇದೇ. ಇಪ್ಪತ್ತು ವರ್ಷದ ಮೇಲೂ ಯಾರು ಹೊರಗಿನವರು ಎಂದು ಎಲ್ಲರಿಗೂ ಒಟ್ಟಿಗೆ ನೆನಪಿರುತ್ತದೆ.

ಅವನ ತಾಯಿ ಹೊಸ್ತಿಲ ತನಕ ಬಂದರು. ನಾನು ಅವರನ್ನು ಕಾಕೂ ಎನ್ನುತ್ತೇನೆ. ಅಳು ನಿಲ್ಲಿಸಿ ಒಂದೇ ಮಾತು ಹೇಳಿದರು: "ಕುಲುಕಬ್ಯಾಡ್ರೆಪ್ಪಾ. ಅವಗ ಕುಲುಕಿದ್ರ ತಡಕೊಳ್ಳಾಕ ಆಗಂಗಿಲ್ಲ."

ಚಟ್ಟ ಎದ್ದಿತು. ನಾಲ್ಕು ಎಡಗಾಲು ಒಟ್ಟಿಗೆ ಮುಂದೆ ಬಂದವು. ನಾನು ಹಿಂದಿನಿಂದ ನೋಡುತ್ತಿದ್ದೆ. ಎಷ್ಟು ಚೆಂದದ ಹೆಜ್ಜೆ! ಸಾಂಗಲಿಯಲ್ಲಿ ಇನ್ನೊಂದು ಗಡಿಯಾರ ಬರುತ್ತಿತ್ತು. ಆದರೆ ನಾಲ್ವರೂ ಒಟ್ಟಿಗೆ ಎಡಕ್ಕೆ ವಾಲಿದಾಗ ಚಟ್ಟ ಎಡಕ್ಕೆ ತೂಗುತ್ತಿತ್ತು, ಬಲಕ್ಕೆ ವಾಲಿದಾಗ ಬಲಕ್ಕೆ. ಮೇಲೆ ಅವನ ತಲೆ ಅತ್ತ ಇತ್ತ ಹೊರಳುತ್ತಿತ್ತು.

ಮುಂದೆ ನಡೆಯುತ್ತಿದ್ದ ಅವನ ಕಾಕಾ ತಿರುಗಿ ನೋಡಿದರು.

"ಏ, ಪರೇಡ ನಡಸೀರೇನ್ಲೇ? ಹುಡುಗ ತೊಟ್ಟಿಲದಾಗ ತೂಗಿದಂಗ ತೂಗಾಕತ್ಯಾನ. ಕೂಡಿ ಕಾಲ ಇಡಬ್ಯಾಡ್ರಿ, ಹೆಜ್ಜಿ ಮುರೀರಿ!"

ಅವರು ಮುರಿದರು. ನಾಲ್ವರೂ ಒಟ್ಟಿಗೆ ಕುಪ್ಪಳಿಸಿ, ಒಟ್ಟಿಗೆ ಬಲಗಾಲು ಮುಂದಿಟ್ಟರು. ಚಟ್ಟ ಮೊದಲಿಗಿಂತ ಜೋರಾಗಿ ಕುಲುಕಿತು. ಮತ್ತೆ ಮುರಿದರು, ಹೆಜ್ಜೆ ಮತ್ತೆ ಕೂಡಿತು. ಪಿ.ಟಿ. ಸರ್ ಕಲಿಸಿದ್ದು ಅಷ್ಟು ಸುಲಭಕ್ಕೆ ಹೋಗುವಂಥದ್ದಲ್ಲ.

ಅರ್ಧ ದಾರಿಯಲ್ಲಿ, ಕಬ್ಬಿನ ಹೊಲ ಮುಗಿದು ಕೃಷ್ಣೆ ಕಾಣುವಲ್ಲಿ, ಚಟ್ಟ ಇಳಿಸಿ ಹೆಗಲು ಬದಲಿಸುವ ಜಾಗವಿದೆ. ಕಾಕಾ ಬೆವರು ಒರೆಸಿಕೊಂಡು, "ಇವರೊಳಗ ಒಬ್ಬ ಬಿಡ್ರಿ. ಬ್ಯಾರೆ ಯಾರರ ಬರ್ರಿ" ಎಂದರು. ನಾನು ಮುಂದೆ ಬಂದೆ.

"ಕಾಕಾ, ಅವಗ ಹೆಜ್ಜಿ ಬರಂಗಿಲ್ರಿ," ಎಂದ ಬಿಗುಲಿನವನು.

"ಹೆಜ್ಜಿ ಬರದಾಂವನ ಬೇಕಾಗ್ಯಾನ. ನೀ ಆಚೆ ಸರಿ."

ಹಿಂದಿನ ಬಲಭಾಗಕ್ಕೆ ಹೆಗಲು ಕೊಟ್ಟೆ. ಶಾಲೆಯಲ್ಲೂ ನಾನು ಅವನ ಬಲಕ್ಕೇ ನಡೆಯುತ್ತಿದ್ದೆ. ಎದ್ದೆವು. ಮೂವರ ಎಡಗಾಲು ಮುಂದೆ ಹೋಯಿತು, ನನ್ನ ಬಲಗಾಲು ಹೋಯಿತು. ನನ್ನಿಂದಾಗಿ ಅವರೂ ಅಷ್ಟಿಷ್ಟು ತಪ್ಪಿದರು. ಚಟ್ಟ ಒಮ್ಮೆ ಅತ್ತ ಹೋಗಲು ನೋಡಿತು, ಇತ್ತ ಬರಲು ನೋಡಿತು, ಆಮೇಲೆ ನಿಂತುಬಿಟ್ಟಿತು. ನಾವು ನಡೆಯುತ್ತಿದ್ದೆವು, ಅದು ಕುಲುಕುತ್ತಿರಲಿಲ್ಲ. ಅಭ್ಯಾಸಬಲದಿಂದ ನಾನು ಕಿವಿಗೊಟ್ಟೇ ನಡೆದೆ. ಟಕ್ ಟಕ್ ಕೇಳಿಸಲಿಲ್ಲ. ಘಾಟಿನ ತನಕ ನಾನು ಕಾಲು ಬದಲಿಸಲಿಲ್ಲ.

ವಾಪಸು ಬಂದಾಗ ಕಾಕೂ ಗೋಡೆಗೆ ಒರಗಿ ಕುಳಿತಿದ್ದರು.

"ಕುಲುಕಲಿಲ್ಲಲ್ಲಾ?"

"ಮೊದಲ ಜರಾ ಕುಲುಕಿತ್ರಿ. ಆಮ್ಯಾಲೆ ಇಲ್ಲ."

"ಆಮ್ಯಾಲೆ ಯಾರ ಹೆಗಲ ಕೊಟ್ರಿ?"

"ನಾ ಕೊಟ್ನಿರಿ."

ಅವರು ನನ್ನ ಕಾಲುಗಳನ್ನು ನೋಡಿದರು.

"ಸಾಲ್ಯಾಗಿದ್ದಾಗ ನಿನಗ ಹೆಜ್ಜಿ ಬರಂಗಿಲ್ಲ ಅಂತಿದ್ನಲ್ಲೋ ಅಂವ."

"ಹೌದ್ರಿ ಕಾಕೂ," ಎಂದೆ. "ಇನ್ನಾ ಬರಂಗಿಲ್ಲ."