ಸಾಕು ಎಂದ ಕೈಗೆ ಇನ್ನೊಂದು ರೊಟ್ಟಿ

ಮೊನ್ನೆ ಶ್ರೀನಿವಾಸಪುರದ ಮದುವೆಯೊಂದರಲ್ಲಿ ನಮ್ಮಮ್ಮ ಹೋಳಿಗೆ ಸಾಕೆಂದು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದಳು. ಬಡಿಸುವವನು ಮುಂದಕ್ಕೆ ಹೋದ. ಅಮ್ಮ ಕೈ ತೆಗೆಯಲಿಲ್ಲ.

ಇದರಲ್ಲೇನು ವಿಶೇಷ ಅನ್ನುತ್ತೀರಾ? ತಾಳಿ, ಹೇಳುತ್ತೇನೆ.

ಎರಡನೇ ಮಹಾಯುದ್ಧದ ಕಾಲ. ರೇಷನ್ ರಾಗಿಗೆ ನಾವೆಲ್ಲ ಕ್ಯೂ ನಿಲ್ಲುತ್ತಿದ್ದ ದಿನಗಳು. ಕೋಲಾರದಿಂದ ಮುಳಬಾಗಿಲಿಗೆ ಹೋಗುವ ರಸ್ತೆಯಲ್ಲಿ ಪಂಜಾಬಿನ ಸಿಖ್ಖರೊಬ್ಬರು ಲಾರಿ ರಿಪೇರಿ ಶೆಡ್ ಇಟ್ಟಿದ್ದರು. ಅವರ ಹೆಸರು ನಮ್ಮ ಬಾಯಿಗೆ ತಿರುಗದೆ ಎಲ್ಲರೂ ಸರ್ದಾರಪ್ಪ ಎಂದೇ ಕರೆಯುತ್ತಿದ್ದೆವು. ಪ್ರತಿ ಭಾನುವಾರ ಅವರೂ ಅವರ ಕಡೆಯ ಲಾರಿ ಡ್ರೈವರುಗಳೂ ಸೇರಿ ಶೆಡ್ಡಿನ ಮುಂದೆ ಒಲೆ ಹೂಡುತ್ತಿದ್ದರು. ರೊಟ್ಟಿ, ಬೇಳೆ. ಯಾರು ಬಂದರೂ ಊಟ. ಅದಕ್ಕೆ ಲಂಗರ್ ಎನ್ನುತ್ತಾರೆ. (ತಲೆಗೆ ಬಟ್ಟೆ ಕಡ್ಡಾಯ. ನನ್ನ ಬೋಳುತಲೆಗೆ ಕರ್ಚೀಫೇ ಗತಿ.)

ಮೊದಲ ದಿನ ಅಮ್ಮ ತಪ್ಪಲೆ ಹಿಡಿದು ದೂರದಲ್ಲೇ ನಿಂತಳು.

"ಇದ್ರಾಗೆ ಒಂದಿಷ್ಟು ಆಕ್ಬಿಡಪ್ಪ. ಮನೇಗೆ ಎತ್ಕೊಂಡೋಗಿ ತಿಂತೀನಿ."

"ತಗೊಂಡ್ ಹೋಗು ಅಮ್ಮಾ. ಮೊದ್ಲು ಕೂತ್ಕೋ, ಊಟ ಮಾಡು," ಅಂದರು ಸರ್ದಾರಪ್ಪ.

"ನಾನಾ? ಪಂಕ್ತೀಲಾ? ಗಂಡ ಸತ್ತೋಳು ಕಣಪ್ಪ ನಾನು."

ಅವರಿಗೆ ಅರ್ಥವಾಗಲಿಲ್ಲ. ನಾನೇ ವಿವರಿಸಿದೆ. ನಮ್ಮ ನೆಂಟರ ಮನೆಗಳಲ್ಲಿ ವಿಧವೆಯರು ಪಂಕ್ತಿಯಲ್ಲಿ ಕೂರುವುದಿಲ್ಲ, ಎಲ್ಲರದೂ ಮುಗಿದ ಮೇಲೆ ಹಿತ್ತಲಲ್ಲಿ ಅವರ ಊಟ ಎಂದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಾವೇ ಚಾಪೆಯ ಮೇಲೆ ಕೂತು ಪಕ್ಕದ ಜಾಗವನ್ನು ಕೈಯಿಂದ ತಟ್ಟಿದರು.

"ಇಲ್ಲಿ ಲೈನು ಒಂದೇ ಅಮ್ಮಾ."

ಅಪ್ಪ ಹೋದ ಮೇಲೆ ಅಮ್ಮ ನಾಲ್ಕು ಜನರ ನಡುವೆ ಕೂತು ಉಂಡದ್ದು ಅಂದೇ ಮೊದಲು. ಒಂದು ಪಕ್ಕ ಸರ್ದಾರಪ್ಪ, ಇನ್ನೊಂದು ಪಕ್ಕ ನರಸಾಪುರದ ಗಾಡಿಯವನು.

ಲಂಗರಿನಲ್ಲಿ ರೊಟ್ಟಿಯನ್ನು ತಟ್ಟೆಗೆ ಹಾಕಿಸಿಕೊಳ್ಳುವುದಿಲ್ಲ, ಎರಡೂ ಕೈ ಚಾಚಿ ಪ್ರಸಾದದಂತೆ ತೆಗೆದುಕೊಳ್ಳಬೇಕು. ಅಮ್ಮನಿಗೇನು ಗೊತ್ತು? ಹೊಟ್ಟೆ ತುಂಬಿದಾಗ ನಮ್ಮ ಕಡೆಯ ರೂಢಿಯಂತೆ ಎರಡೂ ಕೈ ಅಡ್ಡ ಹಿಡಿದಳು. ಬಡಿಸುತ್ತಿದ್ದ ಡ್ರೈವರಿಗೆ ಕೈ ಮುಂದೆ ಬಂತು ಎಂದರೆ ಇನ್ನೂ ಬೇಕು ಎಂದೇ ಲೆಕ್ಕ. ಮುಂಗೈ ಮೇಲೇ ಬಿಸಿ ರೊಟ್ಟಿ ಇಟ್ಟುಬಿಟ್ಟ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಮ್ಮನೂ ನಕ್ಕಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ.

ಆಮೇಲೆ ಅಮ್ಮನ ಕೈಯ ಅರ್ಥ ಸರ್ದಾರಪ್ಪನಿಗೆ ಚೆನ್ನಾಗಿಯೇ ತಿಳಿಯಿತು. ಆದರೂ ಪ್ರತಿ ವಾರ ಆ ಕೈ ಮೇಲೆ ಇನ್ನೊಂದು ರೊಟ್ಟಿ ಬೀಳುತ್ತಿತ್ತು. ಅಮ್ಮನೇನು ಕಮ್ಮಿ? ಹೊಟ್ಟೆ ತುಂಬುವ ಮೊದಲೇ ಕೈ ಅಡ್ಡ ಹಿಡಿಯುತ್ತಿದ್ದಳು, ಕಳ್ಳಿ.

ದೇಶ ಎರಡಾಯಿತು. ಸರ್ದಾರಪ್ಪನ ಊರು ಆ ಕಡೆಗೆ ಸೇರಿತು. ಹೆಂಡತಿ ಮಕ್ಕಳನ್ನು ಕರೆತರಲು ಹೊರಟವರು ಹೋಗುವಾಗ ಅಮ್ಮನಿಗೆ ಹೇಳಿದ್ದು ಒಂದೇ ಮಾತು.

"ಒಲೆ ಕಲ್ಲು ಕೀಳ್ಬೇಡಿ ಅಮ್ಮಾ. ಬರ್ತೀನಿ."

ಇಂದಿಗೂ ಸುದ್ದಿಯಿಲ್ಲ. ಶೆಡ್ಡಿಗೆ ಬೀಗ. ಡ್ರೈವರುಗಳು ದಿಕ್ಕಿಗೊಬ್ಬರಾದರು. ಒಲೆ ಕಲ್ಲು ಮಾತ್ರ ಹಾಗೇ ಇದೆ, ಅಮ್ಮ ಯಾರಿಗೂ ಮುಟ್ಟಗೊಡುವುದಿಲ್ಲ. ಭಾನುವಾರ ಬಂದರೆ ಅವಳದು ಒಂದೇ ಪ್ರಶ್ನೆ, "ಏನ್ಲಾ, ಸರ್ದಾರಪ್ಪ ಬಂದ್ನಾ?" ನನಗೂ ಆ ಮನುಷ್ಯನನ್ನು ನೋಡಬೇಕೆನ್ನಿಸಿ ಜೀವ ಎಳೆಯುತ್ತದೆ.

ಮೊನ್ನೆಯ ಮದುವೆಯಲ್ಲಿ ಅಮ್ಮನಿಗೆ ಎಲೆ ಬಿದ್ದದ್ದು ಹಿತ್ತಲಲ್ಲಿ, ಎಲ್ಲರೂ ಕೈ ತೊಳೆದ ಮೇಲೆ. ಬಡಿಸುವವನು ಮುಂದೆ ಹೋದರೂ ಎಲೆಯ ಮೇಲಿನ ಕೈ ಹಾಗೇ ಇತ್ತು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅಮ್ಮ ನಿಧಾನವಾಗಿ ಅಂಗೈ ಮೇಲಕ್ಕೆ ತಿರುಗಿಸಿ ಇನ್ನೂ ಸ್ವಲ್ಪ ಹೊತ್ತು ಕಾದಳು.

ನಮ್ಮ ಪೈಕಿಯವರಿಗೆ ಸಾಕು ಎಂದರೆ ಎಷ್ಟು ಬೇಗ ಅರ್ಥವಾಗಿಬಿಡುತ್ತದೆ, ಅಲ್ಲವೇ?