ಅಡಿಗೆಮನೆಯ ಗಾಜು

ಹಗರಿಬೊಮ್ಮನಹಳ್ಳಿಯಲ್ಲಿ ಕಿಟಕಿಗೆ ಗಾಜು ಕೂರಿಸುವುದೆಂದರೆ ಪಾಲಾಕ್ಷನೇ ಬರಬೇಕು. ನಲವತ್ತು ವರ್ಷದಲ್ಲಿ ಕೂದಲೆಳೆಯಷ್ಟೂ ಅಳತೆ ತಪ್ಪಿದವನಲ್ಲ. ಬೇರೆಯವರು ತಪ್ಪಿದರೆ, "ಕಣ್ಣಾಗ ಮಣ್ಣು ಬಿದ್ದೈತೇನಲೇ?" ಎಂದು ಮುಖದ ಮೇಲೇ ಬೈಯುವವನು.

ಹೆಂಡತಿ ಅಂಜಿನಕ್ಕ ತೀರಿಕೊಂಡ ಮೂರನೇ ತಿಂಗಳು ಕೋತಿಯೊಂದು ಜಿಗಿದು ಅವನದೇ ಅಡಿಗೆಮನೆಯ ಕಿಟಕಿ ಗಾಜು ಒಡೆಯಿತು. ಹೊಸದು ಕೂರಿಸಬೇಕಾದರೆ ಮೊದಲು ಚೌಕಟ್ಟಿಗೆ ಗಾಜು ಅಂಟಿಸಿದ್ದ ಹಳೇ ಲಪ್ಪ ಕೆರೆಯಬೇಕು. ಸೀಮೆಸುಣ್ಣದ ಪುಡಿಗೆ ಅಗಸೆ ಎಣ್ಣೆ ಹಾಕಿ ನಾದಿದ ಲಪ್ಪ ಒಣಗಿದರೆ ಕಲ್ಲೇ ಸೈ. ಪಾಲಾಕ್ಷ ಉಳಿ ಹಿಡಿದ. ಕೈಗೆ ರೂಢಿಯಾದ ಕೆಲಸ. ಎರಡೂ ಬದಿ, ಮೇಲಿನ ಅಂಚು ನೋಡನೋಡುತ್ತಲೇ ಚೊಕ್ಕವಾದವು. ಕೆಳಗಿನ ಅಂಚಿಗೆ ಬಂದಾಗ ಉಳಿ ನಿಂತಿತು.

ಲಪ್ಪದ ಉದ್ದಕ್ಕೂ ಸಾಲಾಗಿ ಹೆಬ್ಬೆರಳಿನ ಗುರುತು. ಸಣ್ಣ ಹೆಬ್ಬೆರಳು. ಮನೆ ಕಟ್ಟಿದ ವರ್ಷ ಅವನು ಗಾಜು ಹಿಡಿದು ನಿಂತಿದ್ದ. ರೊಟ್ಟಿ ಹಿಟ್ಟಿನ ಹಾಗೆ ಲಪ್ಪ ನಾದಿ ಸುತ್ತಲೂ ಒತ್ತಿದವಳು ಅಂಜಿನಕ್ಕ. "ಸಾಕು ಒತ್ತಿದ್ದು, ಚೂರಿ ಎಳದು ನುಣ್ಣಗ ಮಾಡು" ಎಂದು ಅವನು ರೇಗಿದ್ದ. ಆಕೆ ಮಾಡಿರಲಿಲ್ಲ.

ಪಾಲಾಕ್ಷ ನೆಲ ನೋಡಿದ. ಉಳಿದ ಮೂರು ಅಂಚಿನ ಬೆರಳುಗಳು ಅವನ ಕಾಲ ಬಳಿ ಪುಡಿಯಾಗಿ ಬಿದ್ದಿದ್ದವು.

ಉಳಿ ಕೆಳಗಿಟ್ಟ. ಹೊಸ ಗಾಜನ್ನು ಒಂದು ಬೆರಳಷ್ಟು ಗಿಡ್ಡ ಕತ್ತರಿಸಿ, ಕೆಳಗಿನ ಅಂಚು ಮುಟ್ಟದೆ ಮೂರೇ ಕಡೆ ಕೂರಿಸಿದ.

ಸಂಜೆ ಬಂದ ಮಗಳು ಸುಜಾತಾ, "ಅಪ್ಪಾ, ಕೆಳಗ ಸಂದಿ ಬಿಟ್ಟೀಯಲ್ಲ, ಗಾಳಿ ಬರಾಕತ್ತೈತಿ" ಅಂದಳು.

"ಅಳತಿ ತಪ್ತವ್ವಾ" ಅಂದ ಪಾಲಾಕ್ಷ.